ನೀರಂಚಿನ ಹಸಿರು ಗೆರೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಬಹುಕಾಲ ಬ್ಯಾಂಕಿನಲ್ಲಿ ದುಡಿದು ಸ್ವಯಂನಿವೃತ್ತಿ ಪಡೆದ ಮೇಲೆ ಆಕೆ ತೈಲವರ್ಣದಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾಳೆ. ವೆನಿಸ್ ನಗರದ ಕಾಲುವೆಯೊಂದನ್ನು ಛಾಯಾಚಿತ್ರ ನೋಡಿಕೊಂಡು ಬರೆದಿದ್ದಾಳಂತೆ. "ಸಾರ್, ಮನೆಗಳೆಲ್ಲ ಸರಿಯಾಗಿ ಬಂದಿವೆ. ನೀರು ಮಾತ್ರ ನೀರಿನ ಹಾಗೆ ಕಾಣುತ್ತಿಲ್ಲ, ಗಾಜು ಹಾಸಿದ ಹಾಗಿದೆ. ಏನು ಮಾಡಲಿ?" ಎಂಬುದು ಆಕೆಯ ಪ್ರಶ್ನೆ.

ನಾನು ಕಲಿಸಿದ್ದು ಇತಿಹಾಸವನ್ನು. ಆದರೆ ನಮ್ಮ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಬಹುಕಾಲ ಖಾಲಿಯಿದ್ದುದರಿಂದ ಶನಿವಾರದ ಚಿತ್ರಕಲೆಯ ತರಗತಿಯೂ ನನ್ನ ಪಾಲಿಗೆ ಬಂದಿತ್ತು. ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ದೇವಸ್ಥಾನದ ಕಲ್ಯಾಣಿಯ ಕಟ್ಟೆಗೆ ಕರೆದೊಯ್ದು, ಅಲ್ಲಿಯೇ ಕೂರಿಸಿ ಚಿತ್ರ ಬರೆಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಸಲುಗೆಯಿಂದಲೇ ಆಕೆ ನನ್ನನ್ನು ಕೇಳಿದ್ದು. ಫೋನಿನಲ್ಲಿ ನಾಲ್ಕು ಮಾತು ಹೇಳಿ ಮುಗಿಸಿದೆನಾದರೂ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಚಿತ್ರಕಾರನ ಬಳಿಗೂ, ಆ ಕಲ್ಯಾಣಿಯ ಕಟ್ಟೆಯ ಮೇಲೆ ನಾನೇ ಮಾಡಿದ ಒಂದು ತಪ್ಪಿನ ಬಳಿಗೂ ಹೋಗಬೇಕಾಗುತ್ತದೆ.

2012ರಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಟ್ರಫಾಲ್ಗರ್ ಚೌಕದಲ್ಲಿರುವ ನ್ಯಾಷನಲ್ ಗ್ಯಾಲರಿಯನ್ನು ನೋಡುವ ಅವಕಾಶ ದೊರೆಯಿತು. ಪ್ರವೇಶಕ್ಕೆ ಹಣವಿಲ್ಲ ಎಂಬುದನ್ನು ನಂಬುವುದಕ್ಕೇ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿ ಕನಲೆಟ್ಟೋ ಎಂಬಾತನ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. 'ಕಲ್ಲುಕುಟಿಗರ ಅಂಗಳ' ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಸುಮಾರು 1725ರ ಚಿತ್ರ. ಮುಂಭಾಗದಲ್ಲಿ ಕಲ್ಲುಕುಟಿಗರು ಕೆಲಸ ಮಾಡುತ್ತಿದ್ದಾರೆ, ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿದೆ, ಬಿದ್ದ ಮಗುವಿನ ಕಡೆಗೆ ತಾಯಿ ಧಾವಿಸುತ್ತಿದ್ದಾಳೆ. ಇವೆಲ್ಲದರ ಹಿಂದೆ ನಗರದ ಹೆದ್ದಾರಿಯಂತಿರುವ ಮಹಾಕಾಲುವೆ, ಅದರಾಚೆ ಒಂದು ಇಗರ್ಜಿ, ಎತ್ತರದ ಗಂಟೆಗೋಪುರ. ಆ ಗೋಪುರ 1744ರಲ್ಲಿ ಕುಸಿದುಬಿತ್ತು. ಇಗರ್ಜಿಯ ಕಟ್ಟಡ ಈಗ ಕಲಾಸಂಗ್ರಹಾಲಯದ ಭಾಗವಾಗಿದೆ. ಚಿತ್ರದಲ್ಲಿ ಖಾಲಿಯಿರುವ ಜಾಗದಲ್ಲಿ ಇಂದು ಕಾಲುವೆಗೆ ಅಡ್ಡಲಾಗಿ ಮರದ ಸೇತುವೆಯಿದೆ. ಇಲ್ಲದ ಗೋಪುರವೊಂದು ನನ್ನ ಕಣ್ಣೆದುರು ನಿಂತಿತ್ತು. ಶಾಸನ, ನಾಣ್ಯ, ತಾಮ್ರಪಟಗಳನ್ನು ಆಧಾರವೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದ ನನಗೆ, ಎಣ್ಣೆ ಬಣ್ಣದ ಚಿತ್ರವೂ ಒಂದು ಶಾಸನವಾಗಬಲ್ಲದೆಂದು ಹೊಳೆದದ್ದು ಅಂದು.

ಕನಲೆಟ್ಟೋನ ನಿಜನಾಮ ಜೊವಾನ್ನಿ ಆಂಟೋನಿಯೊ ಕನಾಲ್. ಕಾಲುವೆಗಳನ್ನು ಬರೆದನೆಂದು ಆ ಹೆಸರು ಬಂದದ್ದಲ್ಲ. ಮನೆತನದ ಹೆಸರೇ ಕನಾಲ್. ತಂದೆಯೂ ಚಿತ್ರಕಾರನಾದ್ದರಿಂದ ಮಗ 'ಚಿಕ್ಕ ಕನಾಲ್' ಆದ, ಅದೇ ಕನಲೆಟ್ಟೋ. ಹುಟ್ಟಿದ್ದು 1697ರಲ್ಲಿ, ವೆನಿಸ್‌ನಲ್ಲಿ. ತಂದೆ ಬೆರ್ನಾರ್ಡೊ ನಾಟಕಶಾಲೆಗಳ ಪರದೆಗಳನ್ನು ಬರೆಯುತ್ತಿದ್ದವನು. ನಮ್ಮ ಕಂಪನಿ ನಾಟಕಗಳ ಅರಮನೆಯ ಪರದೆ, ಬೀದಿಯ ಪರದೆಗಳನ್ನು ನೋಡಿದವರಿಗೆ ಆ ಕಸುಬು ಅರ್ಥವಾಗುತ್ತದೆ: ಚಪ್ಪಟೆ ಬಟ್ಟೆಯ ಮೇಲೆ ದೂರವನ್ನು ತೋರಿಸಬೇಕು. ಮಗನೂ ಅದನ್ನೇ ಕಲಿತ, 1719ರ ಸುಮಾರಿಗೆ ತಂದೆಯೊಡನೆ ರೋಮಿಗೆ ಹೋಗಿ ಅಲ್ಲಿನ ಸಂಗೀತನಾಟಕಗಳಿಗೂ ಪರದೆ ಬರೆದ. ಹಿಂದಿರುಗಿದ ಮೇಲೆ ನಗರದ ನೋಟಗಳನ್ನು ಬರೆಯುವುದೇ ಆತನ ಬದುಕಾಯಿತು.

ಆ ನೋಟಗಳನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ಇಂಗ್ಲಿಷ್ ಶ್ರೀಮಂತರು. ವಿದ್ಯಾಭ್ಯಾಸದ ಕೊನೆಯಲ್ಲಿ ಯುರೋಪಿನ ಯಾತ್ರೆ ಮಾಡುವುದು ಅಲ್ಲಿನ ಸಿರಿವಂತ ತರುಣರಿಗೆ ಅಂದಿನ ಪದ್ಧತಿ. ಕಾಶಿಗೆ ಹೋದವರು ಗಂಗೆಯ ತಂಬಿಗೆ ತರುವಂತೆ, ವೆನಿಸ್ಸಿಗೆ ಹೋದವರು ಅದರ ಚಿತ್ರ ತರುತ್ತಿದ್ದರು. ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕ ನಡುವೆ ನಿಂತು ಈ ವ್ಯಾಪಾರವನ್ನು ನಡೆಸಿದ. ಮುಂದೆ ಆತ ಅಲ್ಲಿ ಬ್ರಿಟನ್ನಿನ ಕಾನ್ಸಲ್ ಕೂಡ ಆದ. ಮಹಾಕಾಲುವೆಯ ಚಿತ್ರಗಳನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸಿ 1735ರಲ್ಲಿ ಒಂದು ಪುಸ್ತಕವನ್ನಾಗಿ ಹೊರತಂದ. ಬೆಡ್‌ಫರ್ಡಿನ ಡ್ಯೂಕ್ ಒಬ್ಬನೇ 24 ಚಿತ್ರಗಳನ್ನು ಕೊಂಡ. 1762ರಲ್ಲಿ ಸ್ಮಿತ್ ತನ್ನ ಸಂಗ್ರಹವನ್ನು ದೊರೆ ಮೂರನೆಯ ಜಾರ್ಜನಿಗೆ ಮಾರಿದಾಗ ಕನಲೆಟ್ಟೋನ ಸುಮಾರು 50 ವರ್ಣಚಿತ್ರಗಳೂ 140ಕ್ಕೂ ಹೆಚ್ಚು ರೇಖಾಚಿತ್ರಗಳೂ ಅರಮನೆಯನ್ನು ಸೇರಿದವು.

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ನೀರನ್ನು ಹೇಗೆ ಬರೆಯುವುದು?

ಮೊದಲನೆಯದಾಗಿ, ನೀರಿಗೆಂದು ಪ್ರತ್ಯೇಕ ಬಣ್ಣವನ್ನು ಹುಡುಕುವುದೇ ತಪ್ಪು. ದೂರದ ನೀರನ್ನು ನಾವು ಓರೆಯಾಗಿ ನೋಡುವುದರಿಂದ ಅದು ಕನ್ನಡಿಯಂತೆ ಆಕಾಶವನ್ನೂ ಮನೆಗಳನ್ನೂ ತೋರಿಸುತ್ತದೆ. ನಮ್ಮ ಕಾಲಬುಡದ ನೀರನ್ನು ಮೇಲಿನಿಂದ ನೋಡುವುದರಿಂದ ಅಲ್ಲಿ ಕನ್ನಡಿ ಮಸುಕಾಗಿ, ನೀರಿನ ಸ್ವಂತ ಹಸಿರು ಕಾಣಿಸಿಕೊಳ್ಳುತ್ತದೆ. ಎರಡನೆಯದಾಗಿ, ಪ್ರತಿಬಿಂಬವೆಂದರೆ ಮನೆಯ ಚಿತ್ರವನ್ನು ತಲೆಕೆಳಗಾಗಿ ನಕಲು ಮಾಡುವುದಲ್ಲ. ಬಿಳಿಯ ಗೋಡೆ ನೀರಿನಲ್ಲಿ ತುಸು ಕಂದುತ್ತದೆ, ಕಪ್ಪು ಬಾಗಿಲು ತುಸು ತಿಳಿಯಾಗುತ್ತದೆ. ಸೇತುವೆಯ ಮೇಲ್ಭಾಗವನ್ನು ನಾವು ನೋಡುತ್ತಿದ್ದರೂ ಪ್ರತಿಬಿಂಬದಲ್ಲಿ ಕಾಣುವುದು ಅದರ ಹೊಟ್ಟೆ. ಅಲೆಯಿದ್ದಾಗ ಕಂಬ, ಗೋಪುರಗಳಂತಹ ನಿಂತ ಗೆರೆಗಳು ನಮ್ಮ ಕಡೆಗೆ ಉದ್ದುದ್ದ ಹರಿದು ಬರುತ್ತವೆ. ಸಜ್ಜ, ಮೆಟ್ಟಿಲುಗಳಂತಹ ಅಡ್ಡ ಗೆರೆಗಳು ಒಡೆದು ಕಾಣೆಯಾಗುತ್ತವೆ.

ಈ ಕೆಲಸಕ್ಕೆ ಎಣ್ಣೆ ಬಣ್ಣ ಒದಗಿಬರುವುದು ಅದು ನಿಧಾನವಾಗಿ ಒಣಗುತ್ತದೆ ಎಂಬ ಕಾರಣಕ್ಕಾಗಿ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ. ಗೋಡೆಗೆ ಬಳಸಿದ ಬಣ್ಣವನ್ನೇ ತುಸು ಮಂಕಾಗಿಸಿ, ಅದು ಹಸಿಯಿರುವಾಗಲೇ ಕುಂಚವನ್ನು ಕೆಳಮುಖವಾಗಿ ಎಳೆಯಬೇಕು. ಅನಂತರ ಒಣಗಿದ ಅಗಲವಾದ ಕುಂಚವನ್ನು ಅಡ್ಡಲಾಗಿ, ಮಗುವಿನ ಕೆನ್ನೆ ಸವರುವಷ್ಟು ಹಗುರವಾಗಿ ಆಡಿಸಬೇಕು. ಅಲ್ಲಿಗೆ ನಿಲ್ಲಿಸಿ, ಒಣಗಲು ಬಿಟ್ಟು, ಅಲೆಯ ಹೊಳಪನ್ನು ಕೊನೆಯಲ್ಲಿ ಮೇಲಿಡಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಹೆಚ್ಚು. ಇದು ತಲೆಕೆಳಗಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ. ಕನಲೆಟ್ಟೋ ಮೊದಮೊದಲು ಕೆಂಪುಮಿಶ್ರಿತ ಕಂದು ಹಿನ್ನೆಲೆಯ ಮೇಲೆ ಬರೆಯುತ್ತಿದ್ದ. ಆಗಿನ ಅವನ ನೀರು ಗಾಢ, ಗಂಭೀರ. ಮುಂದೆ ಬಿಸಿಲಿನ ನಗರವೇ ಬೇಕೆಂದು ಕೊಳ್ಳುವವರು ಬಯಸಿದಂತೆ ಹಿನ್ನೆಲೆಯನ್ನು ತಿಳಿಯಾಗಿಸಿದ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಆಕಸ್ಮಿಕವಾಗಿ ದೊರೆತ ಪ್ರಷ್ಯನ್ ನೀಲಿ ಎಂಬ ಬಣ್ಣ ಅವನ ಕೈಗೆ ಬಂದಿತ್ತು. ಅದುವರೆಗೆ ಒಳ್ಳೆಯ ನೀಲಿಯೆಂದರೆ ಆಫ್ಘಾನಿಸ್ತಾನದ ಗಣಿಗಳಿಂದ ಬರುವ ಕಲ್ಲನ್ನು ಅರೆದದ್ದು, ಚಿನ್ನದಂತೆ ದುಬಾರಿ. ಅಗ್ಗದ ಹೊಸ ನೀಲಿಯಿಂದ ಆಕಾಶವೂ ನೀರೂ ಧಾರಾಳವಾದವು.

ಕೊನೆಕೊನೆಗೆ ಅವನ ಅಲೆಗಳು ಯಾಂತ್ರಿಕವಾದವು ಎಂಬುದನ್ನೂ ಹೇಳಬೇಕು. ಬಿಳಿಯ ಚಿಕ್ಕ ಚಿಕ್ಕ ಕೊಂಕುಗೆರೆಗಳನ್ನು ರಂಗೋಲಿಯ ಎಳೆಗಳಂತೆ ಸಾಲಾಗಿ ಇಟ್ಟುಬಿಡುತ್ತಿದ್ದ. 1740ರಲ್ಲಿ ಆಸ್ಟ್ರಿಯಾದ ಉತ್ತರಾಧಿಕಾರದ ಯುದ್ಧ ಆರಂಭವಾಗಿ ಯಾತ್ರಿಕರು ಕಡಿಮೆಯಾದಾಗ, 1746ರಲ್ಲಿ ಆತ ತಾನೇ ಇಂಗ್ಲೆಂಡಿಗೆ ಹೋದ. ಅಲ್ಲಿ ಕೆಲವರು 'ಇವನು ನಿಜವಾದ ಕನಲೆಟ್ಟೋ ಅಲ್ಲ' ಎಂದು ಸುದ್ದಿ ಹಬ್ಬಿಸಿದರು. ಪಾಪ, 1749ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ತನ್ನ ಮನೆಗೆ ಬಂದು ಚಿತ್ರವನ್ನು ನೋಡಿರೆಂದು ಜನರನ್ನು ಕರೆಯಬೇಕಾಯಿತು. ತಾನು ತಾನೇ ಎಂದು ರುಜುವಾತು ಮಾಡಬೇಕಾಗಿ ಬಂದ ಕಲಾವಿದನ ನೋವು ಎಷ್ಟಿದ್ದಿರಬಹುದು!

ಚಿತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಯಾವುದೆಂದರೆ ಗೋಡೆ ಮುಗಿದು ನೀರು ಆರಂಭವಾಗುವ ಅಂಚು. ಮೇಲಿರುವುದು ಮನೆ, ಕೆಳಗಿರುವುದು ಅದರ ನೆರಳು. ಎರಡೂ ಒಂದೇ ಬಣ್ಣ. ಹೊಸಬರು ಇಲ್ಲಿ ಗೊಂದಲಕ್ಕೊಳಗಾಗಿ ಒಂದು ಮಸುಕು ಪಟ್ಟೆಯನ್ನು ಎಳೆದು ಪಾರಾಗುತ್ತಾರೆ. ಕನಲೆಟ್ಟೋ ಅಂತಹ ಕಡೆ ಪಾರಾಗಲು ನೋಡಲಿಲ್ಲ. ಅಲ್ಲಿ ನಿಜವಾಗಿ ಏನಿದೆಯೋ ಅದನ್ನು ಬರೆದ. ಅಲ್ಲಿದ್ದದ್ದು ಪಾಚಿ.

ವೆನಿಸ್‌ನ ಕಾಲುವೆಗಳಲ್ಲಿರುವುದು ಸಮುದ್ರದ ನೀರು. ದಿನಕ್ಕೆ ಎರಡು ಬಾರಿ ಉಬ್ಬರವಿಳಿತ. ಉಬ್ಬರದ ನೀರು ಮತ್ತೆ ಮತ್ತೆ ತಾಗುವ ಎತ್ತರದವರೆಗೆ ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯುತ್ತದೆ. ಅದರ ಮೇಲೆ ಒಣ ಕಲ್ಲು. ಆ ಪಾಚಿಯ ಮೇಲಂಚನ್ನು ಅಲ್ಲಿನ ಜನ ಹಿಂದಿನಿಂದಲೂ ಅಳತೆಗೋಲಾಗಿ ಬಳಸುತ್ತಿದ್ದರು. ಕಟ್ಟಡಗಳ ಮೇಲೆ ಒಂದು ಅಡ್ಡ ಗೆರೆ ಕೊರೆದು ಅದರ ಬಳಿ 'ಸಿ' ಅಕ್ಷರವನ್ನು ಕೆತ್ತಿ ಗುರುತಿಡುತ್ತಿದ್ದರು. ಕನಲೆಟ್ಟೋನ ಅರಮನೆಗಳ ಬುಡದಲ್ಲಿ ಈ ಹಸಿರು ಪಟ್ಟೆ ಇದೆ. ಲಂಡನ್ನಿನಿಂದ ಬಂದ ಮೇಲೆ ಮೊಮ್ಮಗನು ಮಹಾಕಾಲುವೆಯ ಚಿತ್ರವೊಂದನ್ನು ಗಣಕಯಂತ್ರದಲ್ಲಿ ದೊಡ್ಡದು ಮಾಡಿ ತೋರಿಸಿದಾಗ ನಾನೂ ಅದನ್ನು ಕಂಡೆ.

ಈ ಪಟ್ಟೆಯ ಬೆಲೆ ತಿಳಿದದ್ದು ಚಿತ್ರಕಾರರಿಗಲ್ಲ, ವಿಜ್ಞಾನಿಗಳಿಗೆ. ವೆನಿಸ್‌ನಲ್ಲಿ ಯಂತ್ರದಿಂದ ಸಮುದ್ರಮಟ್ಟವನ್ನು ಕ್ರಮವಾಗಿ ಅಳೆಯತೊಡಗಿದ್ದು 1872ರಿಂದ. ಅದಕ್ಕೂ ಹಿಂದಿನ ಮಟ್ಟವನ್ನು ತಿಳಿಯುವ ಬಗೆ ಯಾವುದು? ದಾರಿಯೊ ಕಮುಫೊ ಎಂಬ ಇಟಲಿಯ ವಿಜ್ಞಾನಿಯೂ ಆತನ ಸಹೋದ್ಯೋಗಿಯೂ ಕನಲೆಟ್ಟೋ ಮತ್ತು ಅವನ ಸೋದರಳಿಯ ಬೆಲೊಟ್ಟೋನ ಚಿತ್ರಗಳನ್ನು ಹಿಡಿದು, ಇಂದಿಗೂ ನಿಂತಿರುವ ಅದೇ ಅರಮನೆಗಳ ಮುಂದೆ ಹೋದರು. ಚಿತ್ರದಲ್ಲಿ ಬಾಗಿಲಿನ ಎತ್ತರಕ್ಕೂ ಪಾಚಿಯ ಅಂಚಿಗೂ ಇರುವ ಅನುಪಾತವನ್ನು ಇಂದಿನ ಗೋಡೆಯೊಡನೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಪಾಚಿಯ ಅಂಚು ಸರಾಸರಿ 69 ಸೆಂಟಿಮೀಟರ್ ಮೇಲೇರಿತ್ತು. ಇಂದಿನ ಯಂತ್ರದೋಣಿಗಳ ಅಲೆ ಮುಂತಾದವುಗಳ ಪಾಲನ್ನು ಕಳೆದರೂ ನಗರವು ಸುಮಾರು 61 ಸೆಂಟಿಮೀಟರ್, ಅಂದರೆ ಎರಡು ಅಡಿಯಷ್ಟು, ನೀರಿಗಿಳಿದಿತ್ತು. ಹತ್ತು ಹನ್ನೊಂದು ಸೆಂಟಿಮೀಟರ್ ಹೆಚ್ಚುಕಡಿಮೆ ಇರಬಹುದೆಂದು ಅವರೇ ಹೇಳಿದ್ದಾರೆ. ಸಮುದ್ರ ಏರಿದ್ದು ಒಂದು ಕಾರಣ, ನೆಲ ಕುಸಿದದ್ದು ಇನ್ನೊಂದು. ಇಪ್ಪತ್ತನೆಯ ಶತಮಾನದ ನಡುವೆ ಎದುರು ದಡದ ಕಾರ್ಖಾನೆಗಳು ಅಂತರ್ಜಲವನ್ನು ಎತ್ತಿದ್ದರಿಂದ ಆ ಕುಸಿತ ವೇಗವಾಯಿತು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಸಾಕ್ಷಿಯನ್ನು ನಂಬುವುದು ಹೇಗೆ? ಕನಲೆಟ್ಟೋ ಸತ್ಯಹರಿಶ್ಚಂದ್ರನೇನಲ್ಲ. ಎರಡು ಕಡೆಯಿಂದ ಕಂಡ ನೋಟಗಳನ್ನು ಒಂದೇ ಚಿತ್ರದಲ್ಲಿ ಬೆಸೆದಿದ್ದಾನೆ, ಕಾಲುವೆಯ ತಿರುವನ್ನು ಅಗಲಿಸಿದ್ದಾನೆ. ವಾಸ್ತುಶಿಲ್ಪಿ ಪಲ್ಲಾಡಿಯೊ ಕಾಗದದ ಮೇಲೆ ಮಾತ್ರ ರಚಿಸಿದ್ದ, ಎಂದೂ ಕಟ್ಟದ ಸೇತುವೆಯನ್ನು ರಿಯಾಲ್ಟೋ ಸೇತುವೆಯ ಜಾಗದಲ್ಲಿ ನಿಲ್ಲಿಸಿಯೂ ಬರೆದಿದ್ದಾನೆ. ಆದುದರಿಂದಲೇ ಆ ವಿಜ್ಞಾನಿಗಳು ಎಲ್ಲ ಚಿತ್ರಗಳನ್ನೂ ತೆಗೆದುಕೊಳ್ಳಲಿಲ್ಲ. ಕಟ್ಟಡದ ಉಳಿದ ಅಳತೆಗಳು ಇಂದಿನ ಕಟ್ಟಡಕ್ಕೆ ಸರಿಹೊಂದಿದ ಕಡೆ ಮಾತ್ರ ಪಾಚಿಯ ಸಾಕ್ಷ್ಯವನ್ನು ಒಪ್ಪಿದರು. ಕನಲೆಟ್ಟೋನು ಮಸೂರವಿರುವ ಕತ್ತಲೆಪೆಟ್ಟಿಗೆಯೊಂದರಲ್ಲಿ ಮೂಡುವ ಬಿಂಬವನ್ನು ತಿದ್ದಿ ರೇಖೆ ತೆಗೆಯುತ್ತಿದ್ದನೆಂದು ಅವರ ನಂಬಿಕೆ. ಎಷ್ಟರಮಟ್ಟಿಗೆ ಅದನ್ನು ಬಳಸಿದನೆಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ದೋಣಿಯಿಂದಲೋ ದಡದಿಂದಲೋ ನೋಡಿ ಮನೆಯಿಂದ ಮನೆಗೆ, ಪುಟದಿಂದ ಪುಟಕ್ಕೆ ರೇಖೆಯನ್ನು ಮುಂದುವರಿಸಿದ ಅವನ ಕೈಪುಸ್ತಕ ವೆನಿಸ್‌ನ ಅಕಾಡೆಮಿಯ ಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಸೋದರಳಿಯ ಬೆಲೊಟ್ಟೋನ ಕತೆಯೂ ಇಂಥದೇ. ಆತ ಪೋಲೆಂಡಿನ ದೊರೆಯ ಆಸ್ಥಾನದಲ್ಲಿದ್ದು ವಾರ್ಸಾ ನಗರದ ಬೀದಿಗಳನ್ನು ಇಪ್ಪತ್ತಾರು ಚಿತ್ರಗಳಲ್ಲಿ ಬರೆದು, 1780ರಲ್ಲಿ ಅಲ್ಲಿಯೇ ತೀರಿಕೊಂಡ. 1944ರಲ್ಲಿ ನಾಜಿ ಸೈನ್ಯ ಆ ನಗರವನ್ನು ನೆಲಸಮ ಮಾಡಿತು. ಯುದ್ಧಾನಂತರ ಪೋಲೆಂಡಿನ ಜನ ಹಳೆಯ ಬೀದಿಗಳನ್ನು ಮತ್ತೆ ಕಟ್ಟುವಾಗ ನೆರವಿಗೆ ಬಂದ ದಾಖಲೆಗಳಲ್ಲಿ ಆ ಚಿತ್ರಗಳೂ ಸೇರಿದ್ದವು.

ವೆನಿಸ್ ಇಂದಿಗೂ ನೀರಿನೊಡನೆ ಹೋರಾಡುತ್ತಿದೆ. 1966ರ ನವೆಂಬರ್ 4ರಂದು ಉಬ್ಬರ 194 ಸೆಂಟಿಮೀಟರ್ ಮುಟ್ಟಿ ನಗರ ಮುಳುಗಿತ್ತು; 2019ರ ನವೆಂಬರ್ 12ರಂದು 187. ಸಮುದ್ರದ ಬಾಯಿಗಳಲ್ಲಿ ಅಳವಡಿಸಿರುವ 78 ಉಕ್ಕಿನ ಬಾಗಿಲುಗಳನ್ನು 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ನಿಜವಾದ ಉಬ್ಬರದ ಎದುರು ಎತ್ತಿ ನಿಲ್ಲಿಸಿದರು. ನಗರ ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬ ಲೆಕ್ಕದಲ್ಲಿ, ಪಾಚಿಯನ್ನೂ ಬಿಡದೆ ಬರೆದ ಚಿತ್ರಕಾರನ ಪಾಲೂ ಇದೆ.

ಈಗ ನನ್ನ ತಪ್ಪಿನ ವಿಷಯ.

1986ರ ಒಂದು ಶನಿವಾರ. ಕಲ್ಯಾಣಿಯ ಕಟ್ಟೆಯ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಚಿತ್ರ ಬರೆಯುತ್ತಿದ್ದರು. ಒಬ್ಬ ಹುಡುಗ ಮೆಟ್ಟಿಲುಗಳನ್ನು ಚೆನ್ನಾಗಿ ಬರೆದು, ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗುಂಟ ಒಂದು ಕೊಳಕು ಹಸಿರು ಪಟ್ಟೆಯನ್ನೂ, ಅದರ ಮೇಲೆ ಮಾಸಿದ ಬಿಳಿಯ ಗೆರೆಯೊಂದನ್ನೂ ಎಳೆದಿದ್ದ. ನಾನು ಹಾಳೆಯನ್ನು ಕೈಗೆತ್ತಿಕೊಂಡು, "ದೇವರ ಕಲ್ಯಾಣಿಗೆ ಈ ಕೊಳೆ ಯಾಕೋ?" ಎಂದು ಗದರಿ, ರಬ್ಬರಿನಿಂದ ಒರೆಸಿಬಿಟ್ಟೆ. ಬಣ್ಣದ ಸೀಸದಕಡ್ಡಿಯ ಗುರುತು ಪೂರ್ತಿ ಹೋಗಲಿಲ್ಲ, ಹಾಳೆ ಕೆಟ್ಟಿತು. ಹುಡುಗ ತಲೆ ತಗ್ಗಿಸಿ, "ಸಾರ್, ಹೋದ ವರ್ಷ ನೀರು ಅಲ್ಲೀತನಕ ಇತ್ತು ಸಾರ್" ಎಂದ. ನಾನು ಉತ್ತರ ಕೊಡಲಿಲ್ಲ. ಇಪ್ಪತ್ತೈದಕ್ಕೆ ಹನ್ನೆರಡು ಅಂಕ ಹಾಕಿ ಮುಂದಿನ ಹುಡುಗನ ಬಳಿಗೆ ಹೋದೆ. ಆ ವರ್ಷ ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದುದು ಇತಿಹಾಸದ ಆಧಾರಗಳ ಬಗ್ಗೆ.

ಮುಂದೆ ಊರಿನ ಸುತ್ತ ಕೊಳವೆಬಾವಿಗಳು ಹೆಚ್ಚಿದವು, ಕಲ್ಯಾಣಿ ಬತ್ತಿತು. ನಡುವೆ ಯಾವುದೋ ಉತ್ಸವಕ್ಕೆಂದು ಗೋಡೆ ಮೆಟ್ಟಿಲುಗಳನ್ನೆಲ್ಲ ತಿಕ್ಕಿ ತೊಳೆದು ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದರು. 2017ರಲ್ಲಿ ಊರಿನ ತರುಣರು ಹೂಳೆತ್ತಿ ಅದನ್ನು ಮತ್ತೆ ತುಂಬಿಸಲು ಹೊರಟಾಗ, ಹಿಂದೆ ನೀರು ಎಷ್ಟನೆಯ ಮೆಟ್ಟಿಲಿನವರೆಗೆ ನಿಲ್ಲುತ್ತಿತ್ತು, ಹೆಚ್ಚಿನ ನೀರು ಹರಿದುಹೋಗುವ ಕಂಡಿ ಎಲ್ಲಿರಬೇಕು ಎಂಬ ಪ್ರಶ್ನೆ ಬಂತು. ಒಬ್ಬ ಹಿರಿಯರು ಮೇಲಿನಿಂದ ಐದನೆಯ ಮೆಟ್ಟಿಲು ಎಂದರು, ಇನ್ನೊಬ್ಬರು ಹನ್ನೊಂದನೆಯದು ಎಂದರು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಇತಿಹಾಸದ ಮೇಷ್ಟರು ನೀವು, ನಿಮಗೆ ಗೊತ್ತಿರಬೇಕು ಎಂದರು. ದಿನವೂ ಆ ಕಟ್ಟೆಯ ಮೇಲೆ ಹಾದುಹೋದ ನಾನು ಆ ಗೆರೆಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದವನೊಬ್ಬನಿದ್ದ. ಅವನು ಬರೆದಿಟ್ಟದ್ದನ್ನು ನಾನೇ ಅಳಿಸಿದ್ದೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಮಗೂ, ಇದು ನಿನ್ನ ಕಣ್ಣಿಗೆ ಬಿದ್ದರೆ ತಿಳಿ: ನಿನ್ನ ಗೆರೆ ಸರಿಯಾಗಿತ್ತು. ತಪ್ಪು ಮೇಷ್ಟರದು.

ಕನಲೆಟ್ಟೋ 1768ರಲ್ಲಿ ತೀರಿಕೊಂಡ. ಅದಕ್ಕೆ ಎರಡು ವರ್ಷ ಮುಂಚೆ ಇಗರ್ಜಿಯ ಗಾಯಕರ ಚಿತ್ರವೊಂದನ್ನು ರೇಖೆಗಳಲ್ಲಿ ಬರೆದು, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡಕವಿಲ್ಲದೆ ಇದನ್ನು ಬರೆದೆನೆಂದು ಅದರ ಮೇಲೆ ಹೆಮ್ಮೆಯಿಂದ ನಮೂದಿಸಿದ. ನನಗೆ ಕನ್ನಡಕವಿದ್ದೂ ಕಾಣದೇ ಹೋದದ್ದನ್ನು ನೆನೆದಾಗ ಆ ಮುದುಕನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಚಿತ್ರ ಕಲಿಯುತ್ತಿರುವ ನನ್ನ ವಿದ್ಯಾರ್ಥಿನಿಗೆ ಇಷ್ಟೇ ಹೇಳುತ್ತೇನೆ. ನಿನ್ನ ಚಿತ್ರದಲ್ಲಿ ನೀರು ಗಾಜಿನಂತೆ ಕಂಡಿದ್ದರೆ, ಬಹುಶಃ ನೀನು ಗೋಡೆಯನ್ನು ತೀರ ಶುಚಿಯಾಗಿ ನೀರಿಗಿಳಿಸಿರಬೇಕು. ಛಾಯಾಚಿತ್ರವನ್ನು ಇನ್ನೊಮ್ಮೆ ನೋಡು. ಅಂಚಿನಲ್ಲಿ ಒದ್ದೆ ಕಲ್ಲು, ಪಾಚಿ, ಕಪ್ಪು ಕಲೆ ಇದ್ದೇ ಇರುತ್ತವೆ. ಅವನ್ನು ಬರೆ, ಅವುಗಳ ಪ್ರತಿಬಿಂಬವನ್ನೂ ಬರೆ.

ಉಳಿದ ನಿಮ್ಮೆಲ್ಲರಲ್ಲಿ ಒಂದು ಕೋರಿಕೆಯಿದೆ. ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಮದುವೆಯದೋ ತೆಪ್ಪೋತ್ಸವದ್ದೋ ಫೋಟೋ ಇದ್ದು, ಅದರಲ್ಲಿ ನಮ್ಮ ಕಲ್ಯಾಣಿಯ ಮೆಟ್ಟಿಲುಗಳು ಕಾಣುತ್ತಿದ್ದರೆ, ನೀರಿನಿಂದ ಮೇಲಕ್ಕೆ ಎಷ್ಟು ಮೆಟ್ಟಿಲುಗಳಿವೆ ಎಂದು ಎಣಿಸಿ, ಫೋಟೋ ತೆಗೆದ ವರ್ಷ ತಿಂಗಳುಗಳೊಡನೆ ನನಗೆ ಬರೆದು ತಿಳಿಸಿ. ಕಪ್ಪುಬಿಳುಪಿನದಾದರೂ ಸರಿ, ಮಸುಕಾಗಿದ್ದರೂ ಸರಿ. ಆ ತರುಣರಿಗೆ ನಾನು ಇನ್ನೂ ಉತ್ತರ ಕೊಡಬೇಕಾಗಿದೆ.